ಬಂದ ಪುಟ್ಟ, ಹೋದ ಪುಟ್ಟ

ಹೋದ ಸಂಚಿಕೇಲಿ ಒಬ್ಬರು ‘ಫ್ರೆಂಡ್ಸ್ ಸೀರೀಸ್‌ನಲ್ಲಿ ಬ್ರಾಡ್ ಪಿಟ್ ಬಂದಿದ್ದು ನಿಜಾನಾ’ ಅಂತ ಕೇಳಿದ್ರು (ಫ್ರೆಂಡ್ಸ್ ಅಂದ್ರೆ ಅಮೆರಿಕದ ಟೀವಿ ಕಾಮಿಡಿ, ಪಿಟ್ ಹಾಲಿವುಡ್ ಸ್ಟಾರು), ನಾನು ‘ನಿಜ’ ಅಂತ ಎರಡಕ್ಷರದಲ್ಲಿ ಮುಗಿಸ್ಬಿಟ್ಟೆ. ಅದೇ ತಪ್ಪಾಯ್ತು ನೋಡಿ. ಈ ಸಲ ಬಂದಿರೋ ಕಾಗದ, ಮೇಲು, ಮೆಸೇಜು ಎಲ್ಲಾ ಅದೇ ವಿಷಯ, ಸಿನಿಮಾ ಸ್ಟಾರ್‌ಗಳು ಟೀವಿ ಸೀರೀಸ್‌ಗೆ ಹಂಗೆ ಬಂದು ಹಿಂಗೆ ಹೋಗೋದು, ಅರ್ಧ ಜನ ಬೈದಿದ್ದಾರೆ, ಇನ್ನರ್ಧ ಜನ ಕೇಳಿದ್ದಾರೆ. ಬೈದವರದ್ದನ್ನ ಪಕ್ಕಕ್ಕಿಟ್ಟು (ಒಂದನ್ನ ಬಿಟ್ಟು) ಉಳಿದವರಿಗೆ ಉತ್ತರ ಬರೀತಿದೀನಿ. ಬೇರೆ ವಿಷಯ ಕೇಳಿದವರು ಮುಂದಿನ ಸಲದವರೆಗೂ ಸ್ವಲ್ಪ ತಡ್ಕೊಳ್ಳಿ.

ಪ್ರಶ್ನೆ: ‘ನಿಜ’ ಅಂತ ಬರೆಯೋಕೆ ನಿಮಗೊಂದು ಕಾಲಂ ಬೇಕಾ ಸ್ವಾಮಿ? ಬ್ರಾಡ್ ಪಿಟ್ ಯಾವಾಗ ಬಂದ, ಏನು ಮಾಡಿದ, ಪೂರ್ತಿ ಹೇಳಿ.

ಬೈದಿದ್ದು ಸರಿಯಾಗೇ ಇದೆ, ತಗೊಳ್ಳಿ ಪೂರ್ತಿ. 2001ರ ನವೆಂಬರ್‌ನಲ್ಲಿ ಬಂದ ಎಪಿಸೋಡ್ ಅದು, ಎಂಟನೇ ಸೀಸನ್ನು. ಅವನ ಪಾತ್ರದ ಹೆಸರು ವಿಲ್, ಸೀರೀಸ್‌ನ ಮುಖ್ಯ ಆರು ಜನರಲ್ಲಿ ಒಬ್ಬನಾದ ರಾಸ್‌ನ ಹೈಸ್ಕೂಲ್ ಗೆಳೆಯ, ಆಗ ದಪ್ಪ ಇದ್ದ, ಈಗ ಸಖತ್ತಾಗಿ ಸಣ್ಣ ಆಗಿ ಊಟಕ್ಕೆ ಬರ್ತಾನೆ. ಬಂದ್ರೆ ಅಲ್ಲಿ ಆ ಆರರಲ್ಲಿ ಇನ್ನೊಬ್ಬಳು, ರೇಚಲ್, ಇದ್ದಾಳೆ. ಸ್ಕೂಲಲ್ಲಿ ಅವಳು ಇವನ್ನ ಗೋಳು ಹೊಯ್ಕೊಂಡಿದ್ದಕ್ಕೆ ಇವನೂ ರಾಸೂ ಸೇರಿ ‘ರೇಚಲ್‌ನ ಕಂಡ್ರಾಗದವರ ಕ್ಲಬ್ಬು’ ಬೇರೆ ಮಾಡ್ಕೊಂಡಿದ್ರಂತೆ. ಇಡೀ ಎಪಿಸೋಡು ಅವಳನ್ನ ಗುರಾಯಿಸ್ತಾ ಕೂರ್ತಾನೆ ಮನುಷ್ಯ. ಇದರಲ್ಲಿ ಮಜಾ ಏನಪ್ಪಾ ಅಂದ್ರೆ ರೇಚಲ್ ಪಾತ್ರ ಮಾಡಿದ ಜೆನಿಫರ್ ಆನಿಸ್ಟನ್ ಆಗ ಅವನ ನಿಜವಾದ ಹೆಂಡತಿ, 2000ದಲ್ಲಿ ಮದುವೆ ಆಗಿತ್ತು. ನೋಡೋ ಪ್ರತಿಯೊಬ್ಬರಿಗೂ ಅದು ಗೊತ್ತು, ಪಾತ್ರಗಳಿಗೆ ಮಾತ್ರ ಗೊತ್ತಿಲ್ಲ, ಅವನು ಒಂದೊಂದು ಸಲ ಹಲ್ಲು ಕಡಿದಾಗ್ಲೂ ಜನ ಬಿದ್ದು ಬಿದ್ದು ನಗೋದು ಅದಕ್ಕೇ. ಆ ಒಂದು ಎಪಿಸೋಡಿಗೆ ಅವನಿಗೆ ಎಮ್ಮಿ (ಅಮೆರಿಕದ ದೊಡ್ಡ ಟೀವಿ ಪ್ರಶಸ್ತಿ) ನಾಮಿನೇಷನ್ ಕೂಡ ಸಿಕ್ತು.

ನನಗೆ ಇಷ್ಟ ಆಗೋದು ಏನು ಗೊತ್ತಾ, ಜಗತ್ತಿನ ಅತಿ ಸುಂದರ ಗಂಡಸು ಅಂತ ಪೇಪರ್‌ನೋರೆಲ್ಲಾ ಬರೀತಿದ್ದ ಕಾಲದಲ್ಲಿ ಅವನು ಬಂದು ಹೀರೋ ಥರ ಎಂಟ್ರಿ ಕೊಟ್ಟು ಚಪ್ಪಾಳೆ ತಗೊಂಡು ಹೋಗಬಹುದಿತ್ತು, ಹಂಗೆ ಮಾಡ್ಲಿಲ್ಲ, ಹೈಸ್ಕೂಲ್ ಸಿಟ್ಟನ್ನ ಇನ್ನೂ ಜೇಬಲ್ಲಿಟ್ಕೊಂಡು ಓಡಾಡೋ ಒಬ್ಬ ಪೆದ್ದನ ಪಾತ್ರ ಮಾಡಿದ. ಕೆಳಗೆ ಇನ್ನೂ ತುಂಬಾ ಜನ ಬರ್ತಾರೆ, ಈ ಮಾತು ನೆನಪಿಟ್ಕೊಂಡಿರಿ.

ಪ್ರಶ್ನೆ: ಸಿನಿಮಾದಲ್ಲಿ ಕೋಟಿಗಟ್ಟಲೆ ದುಡಿಯೋರಿಗೆ ಟೀವಿಗೆ ಬಂದು ಐದು ನಿಮಿಷ ನಿಲ್ಲೋ ದರ್ದು ಏನು ಸರ್? ದುಡ್ಡು ಅಂತೂ ಅಲ್ಲ ಅಲ್ವಾ?

ಅಲ್ಲ. ಸಾಮಾನ್ಯವಾಗಿ ಹೊಸ ಸಿನಿಮಾ ಪ್ರಚಾರ, ಇಲ್ಲಾಂದ್ರೆ ಆ ಸೀರೀಸ್‌ನಲ್ಲಿ ಇರೋರ ಜೊತೆ ಗೆಳೆತನ, ಇಲ್ಲಾ ಮನೇಲಿ ಮಕ್ಕಳು ನೋಡ್ತಾರೆ ಅಂತ. ಆದ್ರೆ ಬ್ರೂಸ್ ವಿಲ್ಲಿಸ್ ಬಂದಿದ್ದು ಬಾಜಿ ಸೋತು. ಅವನೂ ಫ್ರೆಂಡ್ಸ್‌ನ ಮ್ಯಾಥ್ಯೂ ಪೆರಿನೂ ಸೇರಿ ‘ದಿ ಹೋಲ್ ನೈನ್ ಯಾರ್ಡ್ಸ್’ ಅಂತ ಸಿನಿಮಾ ಮಾಡಿದ್ರು, ಅದು ಬಾಕ್ಸಾಫೀಸಲ್ಲಿ ಒಂದನೇ ಜಾಗಕ್ಕೆ ಬರುತ್ತೆ ಅಂತ ಪೆರಿ, ಬರಲ್ಲ ಅಂತ ವಿಲ್ಲಿಸ್. 2000ದ ಫೆಬ್ರವರಿಯಲ್ಲಿ ರಿಲೀಸ್ ಆಯ್ತು, ಬಂತು. ಸೋತಿದ್ದಕ್ಕೆ ಅದೇ ವರ್ಷ ಫ್ರೆಂಡ್ಸ್‌ನ ಮೂರು ಎಪಿಸೋಡ್‌ನಲ್ಲಿ ಬಂದ, ಸಂಭಾವನೆ ದಾನಕ್ಕೆ ಕೊಟ್ಟ. ಕಟ್ಟಡ ಬೀಳ್ತಿದ್ರೂ ಕಣ್ಣು ಮಿಟುಕಿಸದ ಆಕ್ಷನ್ ಹೀರೋ ಇಲ್ಲಿ ಕನ್ನಡಿ ಮುಂದೆ ನಿಂತು ‘ನಾನು ಚೆನ್ನಾಗಿದೀನಿ’ ಅಂತ ತನಗೆ ತಾನೇ ಧೈರ್ಯ ಹೇಳ್ಕೊಳ್ಳೋ ಅಪ್ಪ, ಆಮೇಲೆ ಒಂದ್ಸಲ ಅಳೋಕೆ ಶುರು ಮಾಡಿದ್ರೆ ನಿಲ್ಲಿಸೋದೇ ಇಲ್ಲ. ಸೋತ ಬಾಜಿಗೆ ಎಮ್ಮಿ ಪ್ರಶಸ್ತಿ ಬಂತು, ಬರೀ ನಾಮಿನೇಷನ್ ಅಲ್ಲ, ಪ್ರಶಸ್ತೀನೇ.

ಇನ್ನೊಂದು, ಸುಮ್ನೆ ಅಲ್ಲೇ ಇದ್ರು ಅನ್ನೋ ಕಾರಣ. 1997ರಲ್ಲಿ ಹಾಲಿವುಡ್ ಕಾಮಿಡಿ ನಟರಾದ ರಾಬಿನ್ ವಿಲಿಯಮ್ಸೂ ಬಿಲ್ಲಿ ಕ್ರಿಸ್ಟಲ್ಲೂ ಫ್ರೆಂಡ್ಸ್ ಶೂಟಿಂಗ್ ಹತ್ತಿರಾನೇ ಇದ್ದಾಗ ಕರೆದು ಕಾಫಿ ಅಂಗಡಿ ಸೋಫಾ ಮೇಲೆ ಕೂರಿಸಿದ್ರು, ಸ್ಕ್ರಿಪ್ಟ್‌ನಲ್ಲಿ ಅವರ ಪಾತ್ರಾನೇ ಇರ್ಲಿಲ್ಲ, ಬಾಯಿಗೆ ಬಂದಿದ್ದು ಮಾತಾಡಿದ್ರು ಅನ್ನೋದು ಅಲ್ಲಿನವರು ಯಾವಾಗ್ಲೂ ಹೇಳೋ ಕಥೆ. ಆ ಸೀನಲ್ಲಿ ಮುಖ್ಯ ಪಾತ್ರದ ಆರು ಜನರ ಮುಖ ನೋಡಿ, ನಗು ತಡ್ಕೊಳ್ಳೋಕೆ ಒದ್ದಾಡ್ತಿರೋದು ಗೊತ್ತಾಗುತ್ತೆ. ಇಬ್ಬರ ಸಿನಿಮಾ ಒಂದು ಅದೇ ತಿಂಗಳು ಬಿಡುಗಡೆ ಇತ್ತು ಅನ್ನೋದನ್ನೂ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಕಿವಿಗೆ ಹೂವಿಟ್ರಿ ಅಂತ ನೀವೇ ಮತ್ತೆ ಬರೀತೀರ.

ಪ್ರಶ್ನೆ: ಮುಖಾನೂ ತೋರಿಸದೆ ಹೆಸರೂ ಹಾಕಿಸ್ಕೊಳ್ಳದೆ ಬಂದವರು ಇದ್ದಾರಾ?

ಇದ್ದಾರೆ, ನನ್ನ ಪ್ರಕಾರ ಅವರೇ ಅಸಲಿಗಳು. ಕಾರ್ಟೂನ್ ಕಡೆ ನೋಡಿ.

ದಿ ಸಿಂಪ್ಸನ್ಸ್‌ನಲ್ಲಿ 1991ರಲ್ಲಿ ಸಿಂಪ್ಸನ್ ಮನೆ ಹುಡುಗಿ ಲೀಸಾಳ ಕ್ಲಾಸಿಗೆ ಒಬ್ಬ ಬದಲಿ ಮೇಷ್ಟ್ರು ಬರ್ತಾರೆ, ದನಿ ಎಲ್ಲೋ ಕೇಳಿದಂಗಿದ್ಯಲ್ಲ ಅಂತ ಟೈಟಲ್ ಕಾರ್ಡ್ ನೋಡಿದ್ರೆ ‘ಸ್ಯಾಮ್ ಎಟಿಕ್’ ಅಂತ ಯಾವುದೋ ಹೆಸರು. ಅದು ಡಸ್ಟಿನ್ ಹಾಫ್‌ಮನ್! ಆಗ್ಲೇ ಎರಡು ಆಸ್ಕರ್ ಗೆದ್ದಿದ್ದ ಮನುಷ್ಯ. ಅದೇ ವರ್ಷ ಇನ್ನೊಂದು ಎಪಿಸೋಡಿಗೆ ಮೈಕಲ್ ಜಾಕ್ಸನ್ ದನಿ ಕೊಟ್ಟಿದ್ದು ‘ಜಾನ್ ಜೇ ಸ್ಮಿತ್’ ಅನ್ನೋ ಹೆಸರಲ್ಲಿ. ನಟ ಅಲ್ಲ, ಗೊತ್ತು, ಆದ್ರೂ ಹೇಳದೆ ಇರೋಕಾಗಲ್ಲ ಯಾಕಂದ್ರೆ ಇದು ಪೂರ್ತಿ ತಲೆಕೆಳಗಾದ ಕಥೆ: ಪಾತ್ರ ಏನಪ್ಪಾ ಅಂದ್ರೆ ತಾನೇ ಮೈಕಲ್ ಜಾಕ್ಸನ್ ಅಂದ್ಕೊಂಡಿರೋ ಒಬ್ಬ ದಡೂತಿ ಆಸಾಮಿ, ಮಾತಾಡಿದ್ದು ನಿಜವಾದ ಜಾಕ್ಸನ್, ಹಾಡೋ ಜಾಗ ಬಂದಾಗ ಮಾತ್ರ ರೆಕಾರ್ಡ್ ಕಂಪನಿ ಜೊತೆಗಿನ ಕರಾರು ಅಡ್ಡ ಬಂದು ಅವನ ಥರಾನೇ ಹಾಡೋ ಬೇರೆಯವರಿಂದ ಹಾಡಿಸಿದ್ರು. ಅಂದ್ರೆ ಸಾಕ್ಷಾತ್ ಮೈಕಲ್ ಜಾಕ್ಸನ್ನೇ ಕೈಗೆ ಸಿಕ್ಕಿದ್ರೂ ನಕಲಿಯವನಿಗೂ ದುಡ್ಡು ಕೊಡಬೇಕಾಯ್ತು! 2019ರಲ್ಲಿ ಆ ಎಪಿಸೋಡನ್ನ ನಿರ್ಮಾಪಕರೇ ವಾಪಸ್ ತಗೊಂಡ್ರು, ಹಾಗಾಗಿ ಈಗ ಹುಡುಕಿದ್ರೆ ಸಿಗೋದು ಕಷ್ಟ.

ಎಲಿಜಬೆತ್ ಟೇಲರ್‌ದು ಇನ್ನೂ ಚಿಕ್ಕದು. 1992ರ ಡಿಸೆಂಬರ್. ಅದೇ ಸಿಂಪ್ಸನ್ ಮನೆಯ ಕೂಸು ಮ್ಯಾಗಿ ಯಾವತ್ತೂ ಮಾತಾಡಲ್ಲ, ಆ ಎಪಿಸೋಡಿನ ಕೊನೇಲಿ ಅಪ್ಪ ಲೈಟ್ ಆರಿಸಿ ಬಾಗಿಲು ಹಾಕ್ಕೊಂಡು ಹೋದಮೇಲೆ ಬಾಯಲ್ಲಿರೋ ನಿಪ್ಪಲ್ ತೆಗೆದು ‘ಡ್ಯಾಡಿ’ ಅನ್ನುತ್ತೆ, ಅಷ್ಟೇ. ಮನೇಲಿ ಯಾರಿಗೂ ಕೇಳಿಸೋದಿಲ್ಲ. ಆ ಒಂದು ಪದಕ್ಕೆ ಹಾಲಿವುಡ್ ತಾರೆ ಟೇಲರ್! ದನಿ ಕೂಸಿನದ್ದಂಗೆ ಬರದೆ ತೀರಾ ಮಾದಕವಾಗಿ ಬರ್ತಿದೆ ಅಂತ ಮತ್ತೆ ಮತ್ತೆ ಹೇಳಿಸಿದ್ರಂತೆ.

ಇವರೆಲ್ಲರಿಗಿಂತ ಕೆಳಗಿನ ಮೆಟ್ಟಿಲಿಗೆ ಇಳಿದವನು ಜಾರ್ಜ್ ಕ್ಲೂನಿ. ಸೌತ್ ಪಾರ್ಕ್ ಅನ್ನೋ ಕಾರ್ಟೂನ್ ಇನ್ನೂ ಹುಟ್ಟೋ ಮುಂಚೆ, ಅದನ್ನ ಮಾಡಿದ ಹುಡುಗರದ್ದೊಂದು ಪುಟ್ಟ ವಿಡಿಯೋನ ಕಾಪಿ ಮಾಡಿಸಿ ಕಂಡಕಂಡವರಿಗೆಲ್ಲಾ ಹಂಚಿ ಅದಕ್ಕೆ ಹೆಸರು ಬರೋ ಹಾಗೆ ಮಾಡಿದವನು ಅವನು. 1997ರಲ್ಲಿ ಸೀರೀಸ್ ಶುರುವಾದಾಗ ಅವನಿಗೊಂದು ಪಾತ್ರ ಕೊಟ್ರು. ಏನು ಪಾತ್ರ? ನಾಯಿ. ಡೈಲಾಗು? ಬೌ ಬೌ. ಅದೇ ವರ್ಷ ಅವನು ಸಿನಿಮಾದಲ್ಲಿ ಬ್ಯಾಟ್‌ಮ್ಯಾನ್ ಆಗಿದ್ದ, ಎರಡರಲ್ಲಿ ನಾಯೀನೇ ಚೆನ್ನಾಗಿ ಮಾಡಿದ್ದಾನೆ ಅಂತ ನಾನು ಹೇಳಿದ್ರೆ ಬೈಬೇಡಿ.

ಪ್ರಶ್ನೆ: ಕ್ಯಾಮಿಯೋ ಬೇರೆ, ಗೆಸ್ಟ್ ರೋಲ್ ಬೇರೆನಾ?

ಬೇರೆ, ಆದ್ರೆ ಗೆರೆ ಎಳೆಯೋದು ಕಷ್ಟ. ಕಣ್ಣು ಮಿಟುಕಿಸೋದ್ರೊಳಗೆ ಬಂದು ಹೋದ್ರೆ ಕ್ಯಾಮಿಯೋ, ಕೂತು ಕಥೆಗೆ ಕೈ ಹಾಕಿದ್ರೆ ಗೆಸ್ಟು. ಟೇಲರ್ ಮೊದಲನೇದು, ವಿಲ್ಲಿಸ್ ಎರಡನೇದು.

ಪ್ರಶ್ನೆ: ಈಗ ಯಾವ ಸೀರೀಸ್‌ಗೆ ಯಾರು ಬರ್ತಾರೆ ಅಂತ ವಾರ ಮುಂಚೇನೇ ಫೋನಲ್ಲಿ ಬಂದಿರುತ್ತೆ. ಮುಂಚೆ ನಿಜವಾಗ್ಲೂ ಗುಟ್ಟು ಉಳೀತಿತ್ತಾ?

ಉಳಿಸ್ತಿದ್ರು, ಅದಕ್ಕೆ ಪಟ್ಟ ಪಾಡು ಕೇಳಿದ್ರೆ ನಗು ಬರುತ್ತೆ.

ಮತ್ತೆ ಕ್ಲೂನಿನೇ ತಗೊಳ್ಳಿ. ಇ.ಆರ್. ಅನ್ನೋ ಆಸ್ಪತ್ರೆ ಸೀರೀಸ್‌ನಲ್ಲಿ ಅವನು ಡಾಕ್ಟರ್ ರಾಸ್, 1999ರ ಶುರುವಿನಲ್ಲಿ ಬಿಟ್ಟು ಹೋದ. ಮುಂದಿನ ವರ್ಷ ಮೇ ತಿಂಗಳಲ್ಲಿ ಅವನ ಜೋಡಿ ನರ್ಸ್ ಹ್ಯಾಥವೇ, ಅಂದ್ರೆ ಜೂಲಿಯಾನಾ ಮಾರ್ಗುಲೀಸ್, ಅವಳೂ ಬಿಡೋ ಎಪಿಸೋಡು. ಅವಳು ಎಲ್ಲಾ ಬಿಟ್ಟು ಹೊರಟು ಒಂದು ಸರೋವರದ ದಡದ ಮನೆಗೆ ಬರ್ತಾಳೆ, ಅಲ್ಲಿ ದೋಣಿ ಹತ್ತಿರ ಯಾರೋ ನಿಂತಿದ್ದಾರೆ, ತಿರುಗಿದ್ರೆ ಅವನು. ಯಾವ ಪ್ರೋಮೋದಲ್ಲೂ ಇಲ್ಲ, ಟೈಟಲ್‌ನಲ್ಲೂ ಹೆಸರಿಲ್ಲ, ಯಾಕಂದ್ರೆ ಆ ಚಾನೆಲ್‌ನೋರಿಗೇ ಹೇಳಿರ್ಲಿಲ್ಲ! ಹೇಳಿದ್ರೆ ಜಾಹೀರಾತು ಮಾಡಿ ಹಾಳು ಮಾಡ್ತಾರೆ ಅಂತ. ಎನ್‌ಬಿಸಿಯಂಥ ಚಾನೆಲ್ಲು, ತಮ್ಮದೇ ನಂಬರ್ ಒನ್ ಸೀರೀಸ್‌ನಲ್ಲಿ ತಮ್ಮದೇ ಹಳೇ ಹೀರೋ ವಾಪಸ್ ಬಂದಿದ್ದನ್ನ ಮೊದಲೇ ಡಂಗುರ ಹೊಡೆಯೋ ಛಾನ್ಸ್ ಕಳ್ಕೊಂಡ್ರು, ಅವರ ಹೊಟ್ಟೆ ಎಷ್ಟು ಉರಿದಿರಬೇಕು ಯೋಚನೆ ಮಾಡಿ.

ಇದಕ್ಕಿಂತ ಹತ್ತು ವರ್ಷ ಮುಂಚೆ, 1990ರ ಮೇ. ‘ನ್ಯೂಹಾರ್ಟ್’ ಅಂತ ಒಂದು ಕಾಮಿಡಿ, ಬಾಬ್ ನ್ಯೂಹಾರ್ಟ್ ಅದರ ಹೀರೋ, ಹಳ್ಳಿ ಕಡೆ ಒಂದು ಲಾಡ್ಜ್ ನಡೆಸೋ ಪಾತ್ರ, ಎಂಟು ವರ್ಷ ಓಡಿತ್ತು. ಕೊನೇ ಎಪಿಸೋಡಿನಲ್ಲಿ ಅವರ ತಲೆಗೆ ಗಾಲ್ಫ್ ಚೆಂಡು ಬಡಿದು ಕತ್ತಲಾಗುತ್ತೆ, ಲೈಟ್ ಬಂದಾಗ ಒಂದು ಬೆಡ್‌ರೂಮು, ಪಕ್ಕದಲ್ಲಿ ಯಾರೋ ಮಲಗಿದ್ದಾರೆ. ತಿರುಗಿ ಎದ್ದಿದ್ದು ಸುಜಾನ್ ಪ್ಲೆಶೆಟ್, ಅಂದ್ರೆ 1972ರಿಂದ 78ರವರೆಗೆ ನಡೆದ ಅವರ ಹಿಂದಿನ ಸೀರೀಸ್‌ನ ಹೆಂಡತಿ! ‘ಏನೋ ವಿಚಿತ್ರ ಕನಸು ಬಿತ್ತು ಕಣೇ’ ಅಂತಾರೆ. ಎಂಟು ವರ್ಷದ ಇಡೀ ಸೀರೀಸ್ ಬೇರೆ ಸೀರೀಸ್‌ನ ಪಾತ್ರ ಕಂಡ ಕನಸು ಅಂತ ಆಯ್ತು. ಈ ಗುಟ್ಟು ಕಾಯೋಕೆ ಅವರು ಬೇರೇನೇ ಒಂದು ಸುಳ್ಳು ಕ್ಲೈಮ್ಯಾಕ್ಸ್ ಬರೆದು ಹಬ್ಬಿಸಿದ್ರು, ಪ್ಲೆಶೆಟ್‌ನ ಶೂಟಿಂಗ್ ನೋಡೋಕೆ ಬಂದ ಜನರ ಕಣ್ಣಿಗೆ ಬೀಳದ ಹಾಗೆ ಬಚ್ಚಿಟ್ರು. ಆದ್ರೆ ಜನ ಕಿಲಾಡಿಗಳು ನೋಡಿ, ಅವಳು ಕಾಣೋಕೂ ಮುಂಚೆ ಆ ಹಳೇ ಬೆಡ್‌ರೂಮ್ ಸೆಟ್ ಗುರುತು ಹಿಡಿದೇ ಚಪ್ಪಾಳೆ ಶುರು ಮಾಡಿದ್ರು. ಐಡಿಯಾ ನನ್ನ ಹೆಂಡತಿದು ಅಂತ ನ್ಯೂಹಾರ್ಟ್ ಹೇಳ್ತಿದ್ರು.

ಇತ್ತೀಚಿನದ್ದು ಅಂದ್ರೆ 2020ರ ಡಿಸೆಂಬರ್, ದಿ ಮ್ಯಾಂಡಲೋರಿಯನ್, ಸ್ಟಾರ್ ವಾರ್ಸ್ ಸಿನಿಮಾಗಳ ಲೋಕದ್ದೇ ಸೀರೀಸು. ಆ ಸಿನಿಮಾಗಳ ಹೀರೋ ಲೂಕ್ ಸ್ಕೈವಾಕರ್ ಆಗಿ ಮಾರ್ಕ್ ಹ್ಯಾಮಿಲ್ ಬಂದಿದ್ದು ಆ ಕ್ಷಣದವರೆಗೂ ಹೊರಗೆ ಬರ್ಲಿಲ್ಲ. ಸ್ಕ್ರಿಪ್ಟ್‌ನಲ್ಲಿ ಲೂಕ್ ಅಂತ ಬರೆದೇ ಇರ್ಲಿಲ್ಲ, ‘ಪ್ಲೋ ಕೂನ್’ ಅಂತ ಅದೇ ಸ್ಟಾರ್ ವಾರ್ಸ್ ಲೋಕದ ಬೇರೆ ಪಾತ್ರದ ಹೆಸರು ಹಾಕಿದ್ರು, ಯಾರಾದ್ರೂ ಕದ್ದು ಓದಿದ್ರೂ ಓದ್ಕೊಳ್ಳಲಿ ಅಂತ. ಇಂಟರ್‌ನೆಟ್ ಕಾಲದಲ್ಲೂ ಮನಸ್ಸು ಮಾಡಿದ್ರೆ ಆಗುತ್ತೆ, ಮನಸ್ಸು ಮಾಡಲ್ಲ ಅಷ್ಟೇ.

ಪ್ರಶ್ನೆ: ನೀವು ಹೇಳೋ ತಾರೀಕೆಲ್ಲಾ ಬರೀ ಮೇ, ನವೆಂಬರ್ ಅಂತಾನೇ ಬರುತ್ತಲ್ಲ, ಕಾಕತಾಳೀಯನಾ?

(ಈ ಪ್ರಶ್ನೆ ಕೇಳಿದವರು ಹೋದ ವರ್ಷದ ಒಂದು ಹಳೇ ಉತ್ತರ ಓದಿ ಕೇಳಿದ್ದಾರೆ, ಈ ಸಲಕ್ಕೂ ಸರಿ ಹೊಂದುತ್ತೆ.) ಕಣ್ಣು ಸೂಕ್ಷ್ಮ ಇದೆ ನಿಮಗೆ. ಅಮೆರಿಕದಲ್ಲಿ ‘ಸ್ವೀಪ್ಸ್’ ಅಂತ ಒಂದಿತ್ತು. ಎಷ್ಟು ಜನ ಏನು ನೋಡ್ತಾರೆ ಅಂತ ಲೆಕ್ಕ ಹಾಕೋ ನೀಲ್ಸನ್ ಕಂಪನಿ ಫೆಬ್ರವರಿ, ಮೇ, ಜುಲೈ, ನವೆಂಬರ್ ಈ ನಾಲ್ಕು ತಿಂಗಳು ಮನೆಮನೆಗೆ ಡೈರಿ ಕಳಿಸಿ ಬರೆಸ್ತಿತ್ತು, ಆ ಲೆಕ್ಕದ ಮೇಲೆ ಸ್ಥಳೀಯ ಸ್ಟೇಷನ್‌ಗಳು ಜಾಹೀರಾತಿನ ರೇಟ್ ಕಟ್ತಿದ್ವು. ಅಂದಮೇಲೆ ಮದುವೆ, ಸಾವು, ಬಾಂಬು, ದೊಡ್ಡ ಸ್ಟಾರು ಎಲ್ಲಾ ಆ ತಿಂಗಳುಗಳಿಗೇ ಬರದೆ ಇನ್ನೆಲ್ಲಿಗೆ ಹೋಗಬೇಕು? ಮೇಲೆ ನೋಡಿ, ಬ್ರಾಡ್ ಪಿಟ್ ನವೆಂಬರ್, ರಾಬಿನ್ ವಿಲಿಯಮ್ಸ್ ಮೇ, ಕ್ಲೂನಿ ಮೇ. ಮೇ ಅಂದ್ರೆ ಸೀಸನ್ ಮುಗಿಯೋ ಹೊತ್ತೂ ಹೌದು ಅನ್ನಿ, ಹಾಗಾಗಿ ಎಲ್ಲಾ ಪಾಪಾನೂ ಸ್ವೀಪ್ಸ್ ತಲೆಗೆ ಕಟ್ಟೋಕಾಗಲ್ಲ.

ದೊಡ್ಡ ಜನಸಾಗರ ಇರೋ ದಿನ ಸಿಕ್ಕಿದ್ರಂತೂ ಸ್ಟಾರ್‌ಗಳನ್ನ ಲಾರಿಗಟ್ಟಲೆ ತಂದು ಸುರೀತಾರೆ. 1996ರ ಜನವರಿಯಲ್ಲಿ ಸೂಪರ್ ಬೌಲ್ ಫುಟ್‌ಬಾಲ್ ಮ್ಯಾಚ್ ಮುಗಿದ ಕೂಡ್ಲೇ ಫ್ರೆಂಡ್ಸ್ ಎಪಿಸೋಡ್ ಹಾಕಿದ್ರು, ಜೂಲಿಯಾ ರಾಬರ್ಟ್ಸ್, ಜಾನ್ ಕ್ಲೋಡ್ ವ್ಯಾನ್ ಡ್ಯಾಮ್, ಬ್ರೂಕ್ ಶೀಲ್ಡ್ಸ್ ಎಲ್ಲಾ ಒಂದೇ ಕಡೆ, 5.29 ಕೋಟಿ ಜನ ನೋಡಿದ್ರು. ಆ ಸೀರೀಸ್‌ನ ಅತಿ ಹೆಚ್ಚು ಜನ ನೋಡಿದ ಎಪಿಸೋಡು ಅದು, ಅತಿ ಒಳ್ಳೇದು ಮಾತ್ರ ಅಲ್ಲ.

ಪ್ರಶ್ನೆ: ಇದನ್ನೆಲ್ಲಾ ಶುರು ಮಾಡಿದ್ದು ಫ್ರೆಂಡ್ಸ್‌ನೋರಾ?

ಅಯ್ಯೋ, ಅವರು ಹುಟ್ಟೋಕೂ ಮುಂಚಿನ ಆಟ ಇದು. 1955ರ ಫೆಬ್ರವರಿಯಲ್ಲಿ (ಹೌದು, ಫೆಬ್ರವರಿ!) ‘ಐ ಲವ್ ಲೂಸಿ’ ಅನ್ನೋ ಕಾಮಿಡಿ ಸೀರೀಸ್‌ಗೆ ವಿಲಿಯಂ ಹೋಲ್ಡನ್ ಬಂದಿದ್ರು, ಆಗ್ಲೇ ಆಸ್ಕರ್ ಗೆದ್ದಿದ್ದ ಸಿನಿಮಾ ಹೀರೋ. ಲೂಸಿ ಹೋಟೆಲಲ್ಲಿ ಅವರನ್ನ ನೋಡಿ ಬಾಯಿ ಬಿಟ್ಕೊಂಡು ನೋಡ್ತಾಳೆ, ಕೊನೆಗೆ ತಿಂಡಿ ಅವರ ಮೈಮೇಲೆ ಬೀಳುತ್ತೆ. ಆಮೇಲೆ ಅದೇ ಹೋಲ್ಡನ್‌ರನ್ನ ಲೂಸಿಯ ಗಂಡ ತಾವು ಉಳ್ಕೊಂಡಿದ್ದ ರೂಮಿಗೇ ಕರ್ಕೊಂಡು ಬರ್ತಾನೆ, ಗುರುತು ಸಿಗಬಾರದು ಅಂತ ಇವಳು ಮೇಣದಂಥದ್ದರಲ್ಲಿ ಉದ್ದ ಮೂಗು ಮಾಡಿ ಅಂಟಿಸ್ಕೊಂಡು ಕೂರ್ತಾಳೆ, ಸಿಗರೇಟ್ ಹಚ್ಚೋಕೆ ಹೋಗಿ ಮೂಗಿಗೇ ಬೆಂಕಿ! ಎಪ್ಪತ್ತು ವರ್ಷದ ಮೇಲೆ ಆಯ್ತು, ಇವತ್ತಿಗೂ ನಗದೆ ನೋಡೋಕಾಗಲ್ಲ. ಗಮನಿಸಿ, ನಗು ಬರಿಸೋದು ಲೂಸಿ, ಸ್ಟಾರ್ ಸುಮ್ನೆ ಗಂಭೀರವಾಗಿ ಕೂತಿದ್ದಾರೆ. ಮನೆಗೆ ಬಂದ ನೆಂಟ ಮನೆಯವರನ್ನ ಮಿಂಚೋಕೆ ಬಿಡಬೇಕು, ಹೋಲ್ಡನ್‌ಗೆ ಅದು ಗೊತ್ತಿತ್ತು.

ಪ್ರಶ್ನೆ: ಸ್ಟಾರ್‌ಗಳು ತಮ್ಮ ಪಾತ್ರಾನೇ ತಾವು ಮಾಡೋದು ಆಕ್ಟಿಂಗಾ? ಸುಮ್ನೆ ಬಂದು ನಿಂತ್ರಾಯ್ತಲ್ಲ.

ನಿಂತ್ರಾಯ್ತು ಅನ್ನೋರೂ ಇದ್ದಾರೆ, ಅವರನ್ನ ಮರೀರಿ. ರಿಕಿ ಜರ್ವೇಸ್ ಮಾಡಿದ ‘ಎಕ್ಸ್‌ಟ್ರಾಸ್’ ನೋಡಿ, ಬ್ರಿಟನ್ನಿನದು, ಹಿಂದೆ ನಿಲ್ಲೋ ಜೂನಿಯರ್ ಆರ್ಟಿಸ್ಟ್‌ಗಳ ಕಥೆ. ಪ್ರತಿ ಎಪಿಸೋಡಿಗೂ ಒಬ್ಬ ದೊಡ್ಡ ಸ್ಟಾರ್ ತಾನಾಗಿಯೇ ಬಂದು ತನ್ನ ಮರ್ಯಾದೆ ತಾನೇ ತೆಗೆದುಕೊಳ್ತಾರೆ. 2005ರಲ್ಲಿ ಕೇಟ್ ವಿನ್ಸ್ಲೆಟ್ ಕ್ರೈಸ್ತ ಸನ್ಯಾಸಿನಿ ಬಟ್ಟೆ ಹಾಕ್ಕೊಂಡು, ನಾಜಿಗಳ ನರಮೇಧದ ಬಗ್ಗೆ ಸಿನಿಮಾ ಮಾಡಿದ್ರೆ ಆಸ್ಕರ್ ಗ್ಯಾರಂಟಿ, ಅದಕ್ಕೇ ಮಾಡ್ತಿದೀನಿ ಅಂತ ಕೂಲಾಗಿ ಹೇಳ್ತಾಳೆ. ಆಗ ಅವಳಿಗೆ ಒಂದೂ ಬಂದಿರ್ಲಿಲ್ಲ. 2009ರಲ್ಲಿ ಮೊದಲ ಆಸ್ಕರ್ ಬಂತು, ‘ದಿ ರೀಡರ್’ ಸಿನಿಮಾಗೆ, ನಾಜಿ ಕ್ಯಾಂಪಲ್ಲಿ ಕಾವಲುಗಾರ್ತಿಯಾಗಿದ್ದ ಹೆಂಗಸಿನ ಪಾತ್ರಕ್ಕೆ! ಇದನ್ನ ಕಥೆಗಾರ ಬರೆದಿದ್ರೆ ಅತಿಯಾಯ್ತು ಅಂತ ಎಡಿಟರ್ ವಾಪಸ್ ಕಳಿಸ್ತಿದ್ರು.

ಪ್ರಶ್ನೆ: ಗೆಸ್ಟ್ ಆಗಿ ಬಂದು ಅಲ್ಲೇ ಮನೆ ಕಟ್ಕೊಂಡವರು?

ರಾಬಿನ್ ವಿಲಿಯಮ್ಸ್. 1978ರ ಫೆಬ್ರವರಿಯಲ್ಲಿ ‘ಹ್ಯಾಪಿ ಡೇಸ್’ಗೆ ಮಾರ್ಕ್ ಅನ್ನೋ ಅನ್ಯಗ್ರಹದವನಾಗಿ ಒಂದು ಎಪಿಸೋಡಿಗೆ ಬಂದ, ಸೆಪ್ಟೆಂಬರ್ ಹೊತ್ತಿಗೆ ಆ ಪಾತ್ರಕ್ಕೇ ಬೇರೆ ಸೀರೀಸು. ಆಗ ಅವನನ್ನ ಯಾರೂ ಕೇಳಿರ್ಲಿಲ್ಲ, ಹಾಗಾಗಿ ನಿಮ್ಮ ಲೆಕ್ಕಕ್ಕೆ ಸ್ವಲ್ಪ ಉಲ್ಟಾ.

ಪ್ರಶ್ನೆ: ಇಷ್ಟು ಚಿಕ್ಕ ಪಾತ್ರಕ್ಕೆಲ್ಲಾ ಪ್ರಶಸ್ತಿ ಕೊಡೋದು ಅನ್ಯಾಯ ಅಲ್ವಾ ಮೇಷ್ಟ್ರೇ?

2006ರಲ್ಲಿ ಎಲೆನ್ ಬರ್ಸ್ಟಿನ್‌ಗೆ ಒಂದು ಟೀವಿ ಸಿನಿಮಾದಲ್ಲಿ 14 ಸೆಕೆಂಡ್ ಕಂಡಿದ್ದಕ್ಕೆ ಎಮ್ಮಿ ನಾಮಿನೇಷನ್ ಬಂತು, ಆಡಿದ್ದು 38 ಪದ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಸಾಕ್ಷಿ ನನ್ನ ಹತ್ರ ಇಲ್ಲ, ಓಟು ಹಾಕಿದವರು ಹೆಸರು ನೋಡಿ ಟಿಕ್ ಹಾಕಿದ್ದು ಅಂತ ಊರಿಗೆಲ್ಲಾ ಗೊತ್ತಾಗಿ ಆಮೇಲೆ ನಿಯಮ ಬಿಗಿ ಮಾಡಿದ್ರು. ಇನ್ನೊಂದು ಕಡೆಯಿಂದ, ವರ್ಷಪೂರ್ತಿ ಬರೋರೂ ಗೆಸ್ಟ್ ಅಂತ ಹೇಳ್ಕೊಂಡು ನುಗ್ತಿದ್ರು, 2015ರಿಂದ ಸೀಸನ್ನಿನ ಅರ್ಧಕ್ಕಿಂತ ಕಮ್ಮಿ ಎಪಿಸೋಡಲ್ಲಿ ಬಂದ್ರೆ ಮಾತ್ರ ಗೆಸ್ಟ್ ಅಂತ ಮಾಡಿದ್ರು.

ಆದ್ರೆ ಬಾಬ್ ನ್ಯೂಹಾರ್ಟ್ ವಿಷಯದಲ್ಲಿ ನಾನು ಪಕ್ಷಪಾತಿ. ಎರಡೆರಡು ಸೀರೀಸ್ ಹೊತ್ಕೊಂಡು ನಡೆಸಿದ ಮನುಷ್ಯನಿಗೆ ಅರ್ಧ ಶತಮಾನ ನಟನೆಗೆ ಎಮ್ಮಿ ಅನ್ನೋದೇ ಸಿಗ್ಲಿಲ್ಲ, ಕೊನೆಗೆ 2013ರಲ್ಲಿ, 84ನೇ ವಯಸ್ಸಲ್ಲಿ, ‘ಬಿಗ್ ಬ್ಯಾಂಗ್ ಥಿಯರಿ’ಗೆ ಗೆಸ್ಟ್ ಆಗಿ ಬಂದು ಪ್ರೊಫೆಸರ್ ಪ್ರೋಟಾನ್ ಪಾತ್ರ ಮಾಡಿದ್ದಕ್ಕೆ ಸಿಕ್ತು. ಯಾರಾದ್ರೂ ಅದನ್ನ ಅನ್ಯಾಯ ಅಂದ್ರೆ ನಾನು ಜಗಳಕ್ಕೆ ಬರ್ತೀನಿ.

ಪ್ರಶ್ನೆ: ನನಗೆ ಈ ಕ್ಯಾಮಿಯೋಗಳು ಕಂಡ್ರಾಗಲ್ಲ. ಕಥೇಲಿ ಮುಳುಗಿದ್ದಾಗ ಥಟ್ ಅಂತ ಯಾರೋ ಸ್ಟಾರ್ ಬಂದ್ರೆ ಮೂಡೇ ಹೋಗುತ್ತೆ. ನಾನೊಬ್ಬಳೇನಾ ಹೀಗೆ?

ಒಬ್ಬರೇ ಅಲ್ಲ ಮೇಡಂ, ಮುಕ್ಕಾಲು ಪಾಲು ಸಲ ನಾನೂ ನಿಮ್ಮ ಕಡೆ. ಸ್ಟಾರ್ ಬರ್ತಾರೆ, ಜನ ಕಿರಿಚ್ತಾರೆ, ಪಾತ್ರಗಳೆಲ್ಲಾ ಪಕ್ಕಕ್ಕೆ ಸರಿದು ದಾರಿ ಬಿಡ್ತಾರೆ, ಅಲ್ಲಿಗೆ ಕಥೆ ನಿಂತುಹೋಯ್ತು. ಅದು ಸೀರೀಸ್ ಅಲ್ಲ, ಉದ್ಘಾಟನೆ ಸಮಾರಂಭ.

ಆದ್ರೆ ಎರಡು ಮೂರು ಸಲ ನನ್ನ ಹಟ ಮುರಿದಿದೆ. 2015ರಲ್ಲಿ ‘ಪಾರ್ಕ್ಸ್ ಅಂಡ್ ರಿಕ್ರಿಯೇಷನ್’ನಲ್ಲಿ ಬಿಲ್ ಮರ‍್ರೆ. ಏಳು ಸೀಸನ್ನು ಮೇಯರ್ ಮೇಯರ್ ಅಂತ ಎಲ್ಲರೂ ಮಾತಾಡ್ತಾರೆ, ಒಂದ್ಸಲಾನೂ ತೋರಿಸಲ್ಲ, ಕೊನೆಗೂ ತೋರಿಸ್ತಾರೆ, ಶವಪೆಟ್ಟಿಗೇಲಿ ಮಲಗಿರೋ ಹಾಗೆ! ಅಂಥ ಕಾಮಿಡಿ ನಟನ್ನ ಕರೆಸಿ ಪೆಟ್ಟಿಗೇಲಿ ಮಲಗಿಸೋಕೆ ಗುಂಡಿಗೆ ಬೇಕು. ‘ವಾಟ್ ವಿ ಡೂ ಇನ್ ದಿ ಶಾಡೋಸ್’ ಅನ್ನೋ ರಕ್ತಪಿಶಾಚಿಗಳ ಕಾಮಿಡೀಲಿ 2019ರಲ್ಲಿ ಪಿಶಾಚಿಗಳ ಕೋರ್ಟು ಸೇರುತ್ತೆ, ಜಡ್ಜ್‌ಗಳಾಗಿ ಬಂದವರು ಯಾರು ಅಂದ್ರೆ ಟಿಲ್ಡಾ ಸ್ವಿಂಟನ್, ಡ್ಯಾನಿ ಟ್ರೆಹೋ, ಇವಾನ್ ರೇಚಲ್ ವುಡ್, ಪಾಲ್ ರೂಬೆನ್ಸ್, ಎಲ್ಲರೂ ಬೇರೆ ಬೇರೆ ಸಿನಿಮಾ ಸೀರೀಸ್‌ಗಳಲ್ಲಿ ನಿಜವಾಗ್ಲೂ ರಕ್ತಪಿಶಾಚಿ ಪಾತ್ರ ಮಾಡಿದವರೇ. ‘ಬ್ಲೇಡ್’ ಖ್ಯಾತಿಯ ವೆಸ್ಲಿ ಸ್ನೈಪ್ಸ್ ವಿಡಿಯೋ ಕಾಲ್‌ನಲ್ಲಿ ಬರ್ತಾನೆ, ಆ ಕಾಲ್ ನೆಟ್ಟಗೆ ನಡೆದ್ರೆ ಕೇಳಿ. ಇನ್ನು 2023ರ ‘ದಿ ಬೇರ್’, ‘ಫಿಶಸ್’ ಅನ್ನೋ ಎಪಿಸೋಡು. ಜೇಮಿ ಲೀ ಕರ್ಟಿಸ್, ಬಾಬ್ ಓಡೆನ್ಕರ್ಕ್, ಸಾರಾ ಪಾಲ್ಸನ್ ಎಲ್ಲಾ ಒಂದೇ ಊಟದ ಮೇಜಿನ ಸುತ್ತ, ಮೊದಲ ಎರಡು ನಿಮಿಷ ‘ಅರೇ ಇವರು’ ‘ಅರೇ ಅವರು’ ಅಂತೀವಿ, ಆಮೇಲೆ ಅಡುಗೆಮನೇಲಿ ಕರ್ಟಿಸ್ ಮಾಡಿರೋ ಆ ತಾಯಿ ಕುಡಿದು ಕೂಗಾಡೋದು ಶುರುವಾದ್ರೆ ಸ್ಟಾರ್ ಅನ್ನೋದು ಮರೆತೇ ಹೋಗುತ್ತೆ, ಮೇಜಿನಿಂದ ಎದ್ದು ಹೋಗೋಣ ಅನ್ನೋವಷ್ಟು ಕಸಿವಿಸಿ. ಕರ್ಟಿಸ್‌ಗೆ ಎಮ್ಮಿ ಬಂತು. ಮೇಡಂ, ಇದೊಂದನ್ನ ನೋಡಿ ಆಮೇಲೆ ಬರೀರಿ.

ಪ್ರಶ್ನೆ: ಬರ್ತಾರೆ ಬರ್ತಾರೆ ಅಂತ ಕಾಯಿಸಿ ಬಕ್ರಾ ಮಾಡಿದ್ದು ಇದ್ಯಾ?

ಪಾಲ್ ಬೆಟನಿ, 2021, ‘ವಾಂಡಾವಿಷನ್’. ಆ ಸೀರೀಸ್‌ನಲ್ಲಿ ಅವನೇ ಹೀರೋ. ನಾನು ಬಹಳ ವರ್ಷದಿಂದ ಜೊತೆಗೆ ನಟಿಸಬೇಕು ಅಂತ ಆಸೆ ಇಟ್ಕೊಂಡಿದ್ದ ಒಬ್ಬ ನಟ ಕೊನೆಗೆ ಬರ್ತಾನೆ ಅಂತ ಸಂದರ್ಶನದಲ್ಲಿ ಬಿಟ್ಟ. ಜನ ವಾರಗಟ್ಟಲೆ ತಲೆ ಕೆಡಿಸ್ಕೊಂಡು ದೊಡ್ಡ ದೊಡ್ಡ ಹೆಸರೆಲ್ಲಾ ಲೆಕ್ಕ ಹಾಕಿದ್ರು. ಬಂದಿದ್ದು ಯಾರು? ಇನ್ನೊಬ್ಬ ಪಾಲ್ ಬೆಟನಿ, ಡಬಲ್ ಆಕ್ಟಿಂಗು! ಆಮೇಲೆ ಅವನೇ ತಮಾಷೆ ಮಾಡಿದ್ದು ಅಂತ ಒಪ್ಕೊಂಡ.

ಪ್ರಶ್ನೆ: ನಿಮ್ಮ ಕಾಲಂಗೂ ಒಂದ್ಸಲ ಯಾರಾದ್ರೂ ದೊಡ್ಡವರನ್ನ ಗೆಸ್ಟ್ ಆಗಿ ಕರೆಸಿ ಸರ್, ನಿಮ್ಮೊಬ್ಬರದ್ದೇ ಓದಿ ಓದಿ ಸಾಕಾಯ್ತು.

ಕರೆಸ್ತಿದೀನಿ. ಬಹಳ ವರ್ಷದಿಂದ ಜೊತೆಗೆ ಬರೀಬೇಕು ಅಂತ ನನಗೆ ಆಸೆ ಇದ್ದ ಒಬ್ಬ ಬರಹಗಾರ ಮುಂದಿನ ಸಂಚಿಕೇಲಿ ಬರ್ತಾನೆ. ಹೆಸರು ಈಗ್ಲೇ ಹೇಳಲ್ಲ.